‘ಅಲ್ಲಿ ಕನ್ವರ್ಟ್ ಮಾಡ್ತಾರಂತೆ, ಹೌದಾ?’

ಇಲ್ಲ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಬಿಟ್ಟವರು ನನಗೆ ಇನ್ನೂ ಸಿಕ್ಕಿಲ್ಲ. ಅದಕ್ಕೇ ಒಂದು ಸಲ ಬರೆದಿಟ್ಟುಬಿಡುತ್ತೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ ನನ್ನ ಊಟ ಮುಂದುವರಿಸುತ್ತೇನೆ.

2011ರ ಜೂನ್‌ನಲ್ಲಿ ನಾನು ಹಾಸನದ ಒಂದು ಕ್ರಿಶ್ಚಿಯನ್ ಕಾಲೇಜಿನಲ್ಲಿ ಫಸ್ಟ್ ಪಿಯುಸಿಗೆ ಸೇರಿದೆ. ಸಿಸ್ಟರ್‌ಗಳು ನಡೆಸುವ ಕಾಲೇಜು. ನಮ್ಮೂರು ಅರಕಲಗೂಡು ಕಡೆ. ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಮನೆಯಲ್ಲಿ ತಕರಾರು ತೆಗೆದದ್ದು ಅಜ್ಜಿ ಒಬ್ಬರೇ. ಅದೂ ಕಿರಸ್ತಾನರ ಕಾಲೇಜು ಅಂತಲ್ಲ. ಅಲ್ಲಿ ಪಾಠ ಮಾಡೋರೆಲ್ಲ ಸಿಸ್ಟರ್‌ಗಳು ಅಂತ ಕೇಳಿ, ‘ಡಾಕ್ಟ್ರು ಆಯ್ತೀನಿ ಅಂದವ್ಳನ್ನ ನರ್ಸ್ ಕೆಲ್ಸಕ್ಕೆ ಯಾಕ್ಲಾ ಸೇರ್ಸ್ದೆ’ ಅಂತ ಅಪ್ಪನ ಮೇಲೆ ಹರಿಹಾಯ್ದಿದ್ದರು.

ನನಗೆ ಪ್ರಶ್ನೆಗಿಂತ ಅದರ ಬಾಲದ ಮೇಲೆ ಸಿಟ್ಟು ಜಾಸ್ತಿ. ‘ಮಾಡ್ತಾರಾ?’ ಅಂತ ಕೇಳಿದರೆ ಅದು ಪ್ರಶ್ನೆ. ಗೊತ್ತಿಲ್ಲದವರು ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ. ‘ಮಾಡ್ತಾರಂತೆ, ಹೌದಾ?’ ಅಂದರೆ ತೀರ್ಪು ಆಗಲೇ ಬರೆದಾಗಿದೆ, ನನ್ನ ಹೆಬ್ಬೆಟ್ಟು ಒಂದು ಬಾಕಿ. ಆ ‘ಅಂತೆ’ ಇದೆಯಲ್ಲ, ಅದರ ಹಿಂದೆ ಯಾರಿದ್ದಾರೆ ಅಂತ ಹುಡುಕಿಕೊಂಡು ಹೋದರೆ ಇನ್ನೊಂದು ‘ಅಂತೆ’ ಸಿಗುತ್ತದೆ. ನಾನು ಎರಡು ವರ್ಷ ಅಲ್ಲೇ ಇದ್ದವಳು. ‘ಇಲ್ಲ’ ಅಂದರೆ ನನ್ನ ಮುಖವನ್ನೇ ಪಾಪ ಅನ್ನುವ ಹಾಗೆ ನೋಡುತ್ತಾರೆ. ಮಾಡಿದ್ದು ಇವಳಿಗೇ ಗೊತ್ತಾಗಿಲ್ಲ ಅಂತ.

ಹೊಳೆನರಸೀಪುರದಲ್ಲಿ ಒಂದು ಬೀಗರೂಟ. ಪಕ್ಕದ ಎಲೆಯಲ್ಲಿ ಅಪ್ಪನ ಕಡೆಯ ಒಬ್ಬರು ದೊಡ್ಡಪ್ಪ. ಅನ್ನ ಸಾರಿಗೆ ಬರುವ ಹೊತ್ತಿಗೆ ಶುರುವಾಯಿತು. ಬೈಬಲ್ ಓದಿಸ್ತಿದ್ರಾ? ಬೊಟ್ಟು ಅಳಿಸ್ತಿದ್ರಾ? ದುಡ್ಡು ಕೊಡ್ತಾರಂತಲ್ಲ? ನಾನು ಆಗ ತಾನೇ ಡಿಗ್ರಿ ಮುಗಿಸಿದ್ದೆ, ಬಾಯಲ್ಲಿ ಕಾನೂನು ಬರುತ್ತಿತ್ತು. ಸಂವಿಧಾನದ 28ನೇ ವಿಧಿ ತೆಗೆದೆ. ಸರ್ಕಾರದ ಮಾನ್ಯತೆಯೋ ನೆರವೋ ಪಡೆದ ಕಾಲೇಜಿನಲ್ಲಿ ಧರ್ಮದ ಪಾಠಕ್ಕೆ, ಪೂಜೆಗೆ ಯಾರನ್ನೂ ಬಲವಂತವಾಗಿ ಕೂರಿಸುವಂತಿಲ್ಲ. ವಿದ್ಯಾರ್ಥಿ ಒಪ್ಪಬೇಕು, ಚಿಕ್ಕವರಾದರೆ ಹೆತ್ತವರು ಒಪ್ಪಬೇಕು. ಅಲ್ಪಸಂಖ್ಯಾತರು ತಮ್ಮ ಕಾಲೇಜು ಕಟ್ಟಿ ನಡೆಸಬಹುದು ಅನ್ನುವ 30ನೇ ವಿಧಿಯೂ ಅದೇ ಪುಸ್ತಕದಲ್ಲಿದೆ. ಜೊತೆಗೆ ಜನಗಣತಿಯನ್ನೂ ಬಡಿಸಿದೆ. 2011ರಲ್ಲಿ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87. ನೂರಾರು ವರ್ಷದಿಂದ ಕಂಡಕಂಡವರನ್ನು ಕನ್ವರ್ಟ್ ಮಾಡುತ್ತಾ ಬಂದವರ ಲೆಕ್ಕ ಇನ್ನೂ ಎರಡಕ್ಕೆ ಮುಟ್ಟಿಲ್ಲ, ದೊಡ್ಡಪ್ಪಾ.

ಅವರು ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು: ‘ಅದೆಲ್ಲ ಇರ್ಲಿ ಕಣವ್ವಾ. ನಮ್ ಮಗೀಗೆ ಅಲ್ಲೊಂದು ಸೀಟು ಕೊಡಿಸ್ಬೋದಾ? ಶಿಸ್ತು ಚೆನ್ನಾಗದಂತೆ.’

ಮತ್ತೆ ಅಂತೆ.

ಸರಿ, ಮೊದಲ ವಾರಗಳಲ್ಲಿ ಏನೇನು ಆಯಿತು ಅಂತ ಹೇಳುತ್ತೇನೆ, ಮುಚ್ಚಿಡುವುದು ಏನೂ ಇಲ್ಲ. ಬೆಳಗ್ಗೆ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಇತ್ತು. ದೇವರೇ ನಮ್ಮ ಓದಿಗೆ ಬೆಳಕು ಕೊಡು ಅನ್ನುವಂಥದ್ದು. ಯಾವ ದೇವರು ಅಂತ ಅದರಲ್ಲಿ ಇರಲಿಲ್ಲ, ನಾನು ನಮ್ಮ ಮನೆ ದೇವರನ್ನೇ ನೆನೆಸಿಕೊಂಡು ಕೈ ಮುಗಿಯುತ್ತಿದ್ದೆ. ವಾರಕ್ಕೊಂದು ಪೀರಿಯಡ್ ಕ್ಯಾಥೊಲಿಕ್ ಹುಡುಗಿಯರು ಧರ್ಮೋಪದೇಶಕ್ಕೆ ಬೇರೆ ರೂಮಿಗೆ ಹೋಗುತ್ತಿದ್ದರು. ಉಳಿದ ನಮಗೆ ಮೌಲ್ಯ ಶಿಕ್ಷಣ. ಮೌಲ್ಯ ಶಿಕ್ಷಣ ಅಂದರೆ ಹೋಮ್‌ವರ್ಕ್ ಮುಗಿಸುವ ಪೀರಿಯಡ್ ಅಂತ ಎರಡನೇ ವಾರದಲ್ಲೇ ಗೊತ್ತಾಯಿತು.

ಮೊದಲ ದಿನ ಮಧ್ಯಾಹ್ನ ಸರಿಯಾಗಿ 12ಕ್ಕೆ ಗಂಟೆ ಹೊಡೆಯಿತು. ಬೆಳಗ್ಗೆ ಐದೂವರೆಗೆ ಎದ್ದು, ಏಳರ ಬಸ್ ಹಿಡಿದು ಬಂದವಳು ನಾನು. ಡಬ್ಬಿಯ ಮುಚ್ಚಳ ತೆಗೆದುಬಿಟ್ಟೆ. ನೋಡಿದರೆ ಇಡೀ ಕ್ಲಾಸು ಎದ್ದು ನಿಂತಿದೆ! ಅದು ತ್ರಿಕಾಲ ಪ್ರಾರ್ಥನೆಯ ಗಂಟೆಯಂತೆ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಹೊಡೆಯುತ್ತಾರೆ. ನಾನೂ ನಿಂತೆ. ಒಂದು ಕೈಯಲ್ಲಿ ಮುಚ್ಚಳ, ಮುಂದೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿಯ ವಾಸನೆ ಕೊನೇ ಬೆಂಚಿನವರೆಗೆ. ಊಟದ ಬೆಲ್ ಇದ್ದದ್ದು ಒಂದು ಗಂಟೆಗೆ.

ಬೊಟ್ಟು ಯಾರೂ ಅಳಿಸಲಿಲ್ಲ. ಹೂವು ಮುಡಿಯಬೇಡಿ ಅಂದರು, ಅದು ನಿಜ. ಮೆಹಂದಿ ಬೇಡ, ಗಾಜಿನ ಬಳೆ ಬೇಡ. ನನಗೆ ಬೇಜಾರಾಯಿತು, ಅಜ್ಜಿ ಕಟ್ಟಿಕೊಟ್ಟ ಕನಕಾಂಬರವನ್ನು ಗೇಟಿನ ಹೊರಗೆ ತೆಗೆದು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದೆ. ಆದರೆ ಆ ರೂಲ್ಸ್ ಕ್ರಿಶ್ಚಿಯನ್ ಹುಡುಗಿಯರಿಗೂ ಇತ್ತು. ಅವರಮ್ಮಂದಿರೂ ಹೂ ಮುಡಿಯುವವರೇ. ಇದನ್ನು ಹೇಳಿದರೆ ದೊಡ್ಡಪ್ಪನಂಥವರು ‘ನೋಡಿದ್ಯಾ!’ ಅಂತ ಹೂವನ್ನಷ್ಟೇ ಹಿಡಿದುಕೊಳ್ಳುತ್ತಾರೆ. ಅದಕ್ಕೇ ಹೇಳುವುದಕ್ಕೆ ಮನಸ್ಸಾಗುವುದಿಲ್ಲ.

ಇನ್ನು ಚಾಪೆಲ್, ಅಂದರೆ ಕಾಲೇಜಿನೊಳಗಿನ ಪ್ರಾರ್ಥನಾ ಮಂದಿರ. ಇದನ್ನು ನಾನು ಇಷ್ಟು ವರ್ಷ ಬೀಗರೂಟಗಳಲ್ಲಿ ಹೇಳಿಲ್ಲ.

ಜುಲೈ 1, ಶುಕ್ರವಾರ. ತಿಂಗಳ ಮೊದಲ ಶುಕ್ರವಾರ ಅವರಿಗೆ ವಿಶೇಷ, ಆ ವರ್ಷ ಅವತ್ತೇ ಯೇಸುವಿನ ಪವಿತ್ರ ಹೃದಯದ ಹಬ್ಬ ಕೂಡ. ಇದೆಲ್ಲ ಆಮೇಲೆ ತಿಳಿದದ್ದು. ಅವತ್ತು ನನಗೆ ಕಂಡದ್ದು ಇಷ್ಟೇ: ಮೂರನೇ ಪೀರಿಯಡ್ ಆದ ಮೇಲೆ ಒಂದಷ್ಟು ಹುಡುಗಿಯರು ಸಾಲಾಗಿ ಹೊರಟರು. ಲೆಕ್ಚರರ್ ಏನೋ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಅರ್ಥವಾಗಲಿಲ್ಲ. ಲ್ಯಾಬ್ ಇರಬೇಕು ಅಂತ ನಾನೂ ರೆಕಾರ್ಡ್ ಬುಕ್ ಹಿಡಿದುಕೊಂಡು ಸಾಲಿನ ಬಾಲಕ್ಕೆ ಸೇರಿಕೊಂಡೆ.

ಒಳಗೆ ಮೇಣದ ಬತ್ತಿ, ಹಾಡು. ಲ್ಯಾಬ್ ಅಲ್ಲ ಅಂತ ತಿಳಿಯುವಷ್ಟರಲ್ಲಿ ಮಧ್ಯದ ಬೆಂಚಿನಲ್ಲಿ ಸಿಕ್ಕಿಕೊಂಡಿದ್ದೆ. ಕೂತಾಗ ಕೂತೆ, ಎದ್ದಾಗ ಎದ್ದೆ. ಕೊನೆಗೆ ಎಲ್ಲರೂ ಮುಂದೆ ಹೋಗಿ ಸಾಲು ನಿಂತರು, ಫಾದರ್ ಒಬ್ಬೊಬ್ಬರಿಗೂ ಏನೋ ಬಿಳಿ ಬಿಲ್ಲೆ ಕೊಡುತ್ತಿದ್ದರು. ಓ, ಪ್ರಸಾದ! ಇಷ್ಟು ಹೊತ್ತಿಗೆ ಗೊತ್ತಿರುವುದು ಒಂದು ಬಂತಲ್ಲ ಅಂತ ಖುಷಿಯಾಗಿ ನಾನೂ ನಿಂತೆ. ನನ್ನ ಸರದಿ ಬಂದಾಗ ಎಡಗೈ ಕೆಳಗೆ, ಬಲಗೈ ಗುಳಿ ಮಾಡಿ ಮೇಲೆ, ತೀರ್ಥಕ್ಕೆ ಹಿಡಿಯುವ ಹಾಗೆ ಹಿಡಿದೆ. ಅವರದ್ದು ಉಲ್ಟಾ. ಎಡಗೈ ಮೇಲೆ ಇರಬೇಕು. ಫಾದರ್ ಏನೋ ಅಂದರು, ಅದಕ್ಕೆ ‘ಆಮೆನ್’ ಅನ್ನಬೇಕಿತ್ತು. ನಾನು ಸುಮ್ನೆ ನಿಂತಿದ್ದೆ.

ಅವರು ಬಗ್ಗಿ ಮೆಲ್ಲಗೆ ಕೇಳಿದರು: ‘ನೀನು ಕ್ಯಾಥೊಲಿಕ್ಕಾ ಮಗೂ?’

ನಾನು ಹೇಳಿದೆ: ‘ಇಲ್ಲ ಫಾದರ್, ಪಿಸಿಎಂಬಿ.’

ಫಾದರ್ ನಗಲಿಲ್ಲ. ನನ್ನ ತಲೆ ಮೇಲೆ ಒಂದು ಕ್ಷಣ ಕೈಯಿಟ್ಟರು, ಮುಂದೆ ಹೋಗು ಅಂತ ಕಣ್ಣಲ್ಲೇ ಸನ್ನೆ ಮಾಡಿದರು. ಬಿಲ್ಲೆ ಕೊಡಲಿಲ್ಲ. ಹಿಂದಿನಿಂದ ಯಾರೋ ನನ್ನ ಜಡೆ ಹಿಡಿದು ಪಕ್ಕಕ್ಕೆ ಎಳೆದರು.

ದೊಡ್ಡಪ್ಪಾ, ಇಲ್ಲಿ ಕೇಳಿ. ಅವರ ದೇವರ ಮುಂದೆ, ಅವರ ಹಬ್ಬದ ದಿನ, ನಾನಾಗಿಯೇ ಹೋಗಿ ಎರಡೂ ಕೈ ಚಾಚಿ ನಿಂತಿದ್ದೆ. ಕನ್ವರ್ಟ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಸಿಗುತ್ತಾ? ವಾಪಸ್ ಕಳಿಸಿದರು. ಅದನ್ನು ಪರಮಪ್ರಸಾದ ಅನ್ನುತ್ತಾರೆ, ಜ್ಞಾನಸ್ನಾನ, ಅಂದರೆ ಬ್ಯಾಪ್ಟಿಸಂ ಆಗಿರಬೇಕು, ಆಮೇಲೆ ಧರ್ಮೋಪದೇಶ ಕಲಿತು ತಯಾರಾಗಬೇಕು, ಆಗ ಮಾತ್ರ ಅಂತ ಒಬ್ಬ ಸಿಸ್ಟರ್ ಆಮೇಲೆ ವಿವರಿಸಿದರು. ಅದಕ್ಕೂ ಸಿಲಬಸ್ಸು! ನನಗೆ ವಾರಗಟ್ಟಲೆ ಸಿಟ್ಟಿತ್ತು. ನಮ್ಮೂರ ದೇವಸ್ಥಾನದಲ್ಲಿ ಪ್ರಸಾದಕ್ಕೆ ಬಂದವರನ್ನು ‘ನೀನು ಯಾರು’ ಅಂತ ಕೇಳುತ್ತೀವಾ ಅಂತ ಅಮ್ಮನ ಹತ್ತಿರ ದೂರಿದೆ. ಅಮ್ಮ ಏನೂ ಅನ್ನಲಿಲ್ಲ. ನಮ್ಮೂರಲ್ಲಿ ಯಾರೂ ಕೇಳದೆಯೇ ಮೆಟ್ಟಿಲ ಕೆಳಗೆ ನಿಂತುಬಿಡುವವರು ಇದ್ದರು. ಅದು ನನಗೆ ಹೊಳೆಯುವುದಕ್ಕೆ ಇನ್ನೂ ಕೆಲವು ವರ್ಷ ಬೇಕಾಯಿತು.

ಆ ಸಾಲಿಗೆ ನಾನು ಸೇರಿಕೊಂಡದ್ದು ಯಾಕೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಲೆಕ್ಚರರ್ ಹೇಳಿದ್ದು ಅರ್ಥವಾಗಿದ್ದರೆ ನಾನು ಕ್ಲಾಸಿನಲ್ಲೇ ಕೂತಿರುತ್ತಿದ್ದೆ.

ಮೊದಲ ತಿಂಗಳು ನನಗೆ ಏನೂ ಅರ್ಥವಾಗುತ್ತಿರಲಿಲ್ಲ. ಸುಳ್ಳಲ್ಲ, ಏನೂ. ಫಿಸಿಕ್ಸ್ ಕ್ಲಾಸಿನಲ್ಲಿ ಸ್ಪೀಡಿಗೂ ವೆಲಾಸಿಟಿಗೂ ಏನು ವ್ಯತ್ಯಾಸ ಅಂತ ಕೇಳಿದರು. ಜವ ಬೇರೆ, ವೇಗ ಬೇರೆ, ವೇಗಕ್ಕೆ ದಿಕ್ಕೂ ಬೇಕು. ಇದು ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತಿತ್ತು. ಆದರೆ ಅವರು ಕೇಳುತ್ತಿರುವುದು ಅದನ್ನೇ ಅಂತ ತಿಳಿಯಲಿಲ್ಲ. ವೇಗೋತ್ಕರ್ಷ, ಮಸೂರ, ವಕ್ರೀಭವನ, ದ್ಯುತಿಸಂಶ್ಲೇಷಣೆ, ಹತ್ತು ವರ್ಷ ಕೂಡಿಟ್ಟದ್ದೆಲ್ಲ ಆ ಗೇಟಿನೊಳಗೆ ಚಲಾವಣೆಯಲ್ಲಿ ಇರಲಿಲ್ಲ. ಮೇಲಾಗಿ ಕಾರಿಡಾರಿನಲ್ಲಿ ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ. ಕಾಲೇಜಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದ್ದರೆ ಅದು ಆ ಐದು ರೂಪಾಯಿಗೆ. ಮೊದಲ ಟೆಸ್ಟಿನಲ್ಲಿ ಫಿಸಿಕ್ಸ್‌ಗೆ 25ಕ್ಕೆ 4 ಬಂತು. ಯಾವ ಬೀಗರೂಟದಲ್ಲೂ ಯಾರೂ ‘ಅಲ್ಲಿ ಕನ್ನಡ ಮೀಡಿಯಂ ಮಕ್ಕಳು ಅಳ್ತಾರಂತೆ, ಹೌದಾ?’ ಅಂತ ನನ್ನನ್ನು ಕೇಳಿಲ್ಲ. ಹೌದು ರೀ, ಅಳ್ತಾರೆ. ಟಾಯ್ಲೆಟ್ಟಿನಲ್ಲಿ, ನಲ್ಲಿ ತಿರುಗಿಸಿಟ್ಟು.

ಇಲ್ಲಿ ಕಿಟೆಲ್ ಹೆಸರು ಹೇಳಿ ಅಂತ ಒಬ್ಬ ಸ್ನೇಹಿತರು ಸಲಹೆ ಕೊಟ್ಟರು. ಕನ್ನಡಕ್ಕೆ 1894ರಲ್ಲೇ ಅಂಥ ದೊಡ್ಡ ನಿಘಂಟು ಮಾಡಿಕೊಟ್ಟವರು ಪಾದ್ರಿಯೇ ಅಲ್ವಾ ಅಂತ. ಹೌದು. ಆದರೆ ಅವರು ಜರ್ಮನಿಯವರು, ಬಾಸೆಲ್ ಮಿಷನ್‌ನವರು, ಪ್ರೊಟೆಸ್ಟೆಂಟರು. ನಮ್ಮ ಕಾಲೇಜಿನ ದಂಡದ ಪುಸ್ತಕಕ್ಕೆ ಕಿಟೆಲರನ್ನು ಜಾಮೀನು ಕೊಡಿಸಲು ನನಗೆ ಮನಸ್ಸಿಲ್ಲ.

ನನ್ನ ನಿಘಂಟು ಬೇರೆ ಇತ್ತು. ಜಡೆ ಹಿಡಿದು ಎಳೆದವಳು. ಹೆಸರು ಬೇಡ, ಅವಳಿಗೆ ಇಷ್ಟವಾಗುವುದಿಲ್ಲ. ಅವಳೂ ನನ್ನ ಬಸ್ಸೇ. ಗೊರೂರು ರಸ್ತೆಯ ಒಂದು ಸ್ಟಾಪಿನಲ್ಲಿ ಹತ್ತುತ್ತಿದ್ದಳು. ಕ್ರಿಶ್ಚಿಯನ್ ಹುಡುಗಿ, ಮನೆಯಲ್ಲೇ ಟುಸ್‌ಪುಸ್ ಇಂಗ್ಲಿಷ್ ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅವಳದ್ದೂ ಕನ್ನಡ ಮೀಡಿಯಂ, ಅವಳಿಗೆ 25ಕ್ಕೆ 3. ಮನೆಯಲ್ಲಿ ನಮ್ಮ ಹಾಗೇ ‘ಉಣ್ಣಕ್ ಬಾ’ ಅನ್ನುವ ಕನ್ನಡ. ಇಬ್ಬರೂ ಸೇರಿ ಒಂದು ನೋಟ್‌ಬುಕ್ಕಿನ ನಡುವೆ ಗೆರೆ ಎಳೆದೆವು. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳೆಲ್ಲ ಓಲಾಡುತ್ತಿದ್ದವು.

ಜುಲೈ ಕೊನೆಯ ಒಂದು ಸಂಜೆ, ಮಳೆ, ಬಸ್ಸಿನ ಶಟರ್ ಎಲ್ಲ ಎಳೆದಿತ್ತು. ಪಟ್ಟಿ ಬರೆಯುತ್ತಿದ್ದೆವು. ನಾನು ಸುಮ್ನೆ ಕೇಳಿದೆ, ಕೆಟ್ಟ ಮನಸ್ಸಿನಿಂದೇನೂ ಅಲ್ಲ: ‘ನೀವು ಯಾವಾಗ ಕನ್ವರ್ಟ್ ಆಗಿದ್ದು? ದುಡ್ಡು ಕೊಟ್ಟಿದ್ರಂತೆ, ಹೌದಾ?’

ಹೌದು, ನಾನೇ. ‘ಅಂತೆ’ ಹಾಕಿಯೇ ಕೇಳಿದೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಶಟರ್ ಸ್ವಲ್ಪ ಎತ್ತಿ ಆಚೆ ಕೈ ತೋರಿಸಿದಳು. ‘ಶೆಟ್ಟಿಹಳ್ಳಿ ಚರ್ಚ್ ಗೊತ್ತಲ್ಲ? ಅಲ್ಲೇ ನಮ್ಮಜ್ಜನ ಮದ್ವೆ ಆಗಿದ್ದು. ಮನೆ ಆ ನೀರಿನ ಅಡೀಲದೆ. ಅದ್ಕಿಂತ ಹಿಂದಿಂದು ನಂಗ್ ಗೊತ್ತಿಲ್ಲ. ನಿಮ್ ಅಜ್ಜನ ಅಜ್ಜ ಏನಾಗಿದ್ರು?’

ಆ ಚರ್ಚ್ ನಿಮಗೂ ಗೊತ್ತಿರುತ್ತದೆ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತದಲ್ಲ, ಮದುವೆ ಫೋಟೋ ತೆಗೆಸಿಕೊಳ್ಳಲು ಎಲ್ಲರೂ ಹೋಗುವುದು, ಅದೇ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ನಮ್ಮ ಗದ್ದೆಗೆ ನಾಲೆ ನೀರು ಬಂದದ್ದು ಆ ಅಣೆಕಟ್ಟಿನಿಂದ.

ನನ್ನ ಮುತ್ತಜ್ಜನ ಹೆಸರೇ ನನಗೆ ಗೊತ್ತಿರಲಿಲ್ಲ. ‘ಸಾರಿ ಕಣೇ’ ಅನ್ನುವಷ್ಟರಲ್ಲಿ ಅವಳ ಸ್ಟಾಪ್ ಬಂತು. ಅವಳು ಮಾತಿಲ್ಲದೆ ಇಳಿದಳು. ನೋಟ್‌ಬುಕ್ ನನ್ನ ಹತ್ತಿರವೇ ಉಳಿಯಿತು.

ಮಾರನೆಯ ದಿನ ಬೆಳಗ್ಗೆ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟುಕೊಂಡು ಕೂತೆ. ಕಂಡಕ್ಟರ್ ಎರಡು ಸಲ ಬೈದರು. ಅವಳು ಹತ್ತಿದಳು, ನಿಂತು ನೋಡಿದಳು, ನನ್ನ ಬ್ಯಾಗನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಸ್ವಲ್ಪ ದೂರ ಹೋದ ಮೇಲೆ, ‘ಲಘುಗಣಕಕ್ಕೆ ಏನಂತಾರೆ?’ ಅಂದಳು.

ಇನ್ನು ಸೀಟಿನ ವಿಷಯ. ನನಗೆ ಅಲ್ಲಿ ಯಾರ ಪರಿಚಯವೂ ಇಲ್ಲ ದೊಡ್ಡಪ್ಪಾ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಕೂಡಲೇ ಅರ್ಜಿ ಕೊಡುತ್ತಾರೆ. ಮಾರ್ಕ್ಸ್ ಕಾರ್ಡಿನ ಎರಡು ಜೆರಾಕ್ಸ್ ತಗೊಂಡು ಹೋಗಿ. ಎಂಟು ಗಂಟೆಗೆಲ್ಲ ಸಾಲು ರಸ್ತೆಗೆ ಬಂದಿರುತ್ತದೆ.