ಮಾಲಿಂ ಧಕ್ಕೆಯ ಶೇಡೆ ಮೀನು

ಕಲಂಗುಟ್ ಬೀಚಿನ ಬಗ್ಗೆ ಹೇಳುವಂಥದ್ದೇನಿಲ್ಲ. ಜನವೋ ಜನ, ಊಟ ದುಬಾರಿ, ಸಪ್ಪೆ ಬೇರೆ. ನನಗೆ ಗೋವಾ ರುಚಿಸಿದ್ದು ಪಣಜಿಯಿಂದ ಫೆರ್ರಿಯಲ್ಲಿ ಮಾಂಡೋವಿ ದಾಟಿ ಮಾಲಿಂ ಮೀನುಧಕ್ಕೆಗೆ ಹೋದ ಬೆಳಿಗ್ಗೆ.

ಟ್ರಾಲರಿನಿಂದ ಬುಟ್ಟಿ ಇಳಿಸುವವರ ನಡುವೆ ಕನ್ನಡ ಕೇಳಿಸಿತು. ಗಂಗೊಳ್ಳಿಯವರು. ಒಬ್ಬರು ಶೇಡೆ (ಕಡಲ ಕ್ಯಾಟ್‌ಫಿಶ್) ಮೀನಿನ ಮುಳ್ಳುಗಳನ್ನು ಇಕ್ಕಳದಲ್ಲಿ ಹಿಡಿದು ಲಟಕ್ಕನೆ ಮುರಿಯುತ್ತಿದ್ದರು: ಬೆನ್ನ ಮೇಲಿನದೊಂದು, ಎದೆಯ ಅಕ್ಕಪಕ್ಕದ್ದು ಎರಡು. ಮುರಿದಿಟ್ಟ ಮೀನೊಂದನ್ನು ಎತ್ತಲು ಕೈ ಚಾಚಿದೆ.

"ಮುಟ್ಟಬೇಡಿ ಮಾರಾಯ್ರೆ!"

"ಮುಳ್ಳು ತೆಗೆದಿರಲ್ಲ ಅಣ್ಣ?"

"ಮುಳ್ಳು ಹೋಯ್ತು, ಲೋಳೆ ಹೋಗ್ಲಿಲ್ಲ ಅಲ್ದಾ? ಕೈಯಲ್ಲಿ ಗಾಯ ಇದ್ರೆ ರಾತ್ರಿಯೆಲ್ಲ ಉರಿ."

ಒಂದು ಮುಳ್ಳನ್ನು ಇಕ್ಕಳದಲ್ಲೇ ಹಿಡಿದು ತೋರಿಸಿದರು. ಅಂಚಿಗೆ ಗರಗಸದ ಹಲ್ಲು, ಮೇಲೆ ತೆಳ್ಳನೆಯ ಚರ್ಮ. ಹಾವಿಗಿರುವಂತೆ ಇದಕ್ಕೆ ವಿಷ ಹರಿಸುವ ಕೊಳವೆಯಿಲ್ಲ. ವಿಷದ ಕೋಶಗಳಿರುವುದು ಆ ಚರ್ಮದಲ್ಲೇ. ಚುಚ್ಚಿದಾಗ ಚರ್ಮ ಹರಿದು ವಿಷ ಗಾಯಕ್ಕಿಳಿಯುತ್ತದೆ. ಮೈಯ ಲೋಳೆಯೂ ಸಾಮಾನ್ಯದ್ದಲ್ಲ. ಅರಬ್ ಕೊಲ್ಲಿಯ ಶೇಡೆಯ ಲೋಳೆಯನ್ನು ಕುವೈತಿನ ವಿಜ್ಞಾನಿಗಳು ಪರೀಕ್ಷಿಸಿದಾಗ, ಕೆಂಪು ರಕ್ತಕಣಗಳನ್ನು ಒಡೆಯುವ ಅದೇ ಲೋಳೆಯಲ್ಲಿ ಗಾಯ ಮಾಯಿಸುವ ಗುಣವೂ ಕಂಡಿತ್ತು.

ಬುಟ್ಟಿಯ ಮೂಲೆಯಲ್ಲಿ ಅಂಗೈಯಗಲದ ಪೆಟ್ಟಿಗೆ ಮೀನೊಂದಿತ್ತು, ಗಟ್ಟಿ ಚಿಪ್ಪಿನ ಮೈ.

"ಇದನ್ನ ಜೀವಂತ ಮೀನಿನ ಡ್ರಮ್ಮಿಗೆ ಹಾಕಿದ್ರೆ ಎಲ್ಲ ಸಾಯ್ತವೆ. ಕಡೆಗೆ ಇದೂ ಸಾಯ್ತದೆ."

ನಾನು ನಕ್ಕೆ, ಅವರು ನಗಲಿಲ್ಲ. ಮಾತು ನಿಜ. ಬೆದರಿದರೆ ಇದರ ಚರ್ಮ ಪಾಹುಟಾಕ್ಸಿನ್ ಎಂಬ, ಸೋಪಿನಂಥ ವಿಷ ಬಿಡುತ್ತದೆ. ಹೊಡೆತ ಬೀಳುವುದು ಕಿವಿರುಗಳಿಗೆ. ಕಡಲಿನಲ್ಲಾದರೆ ಬಾಯಿ ಹಾಕಿದ ಮೀನು ಉಗುಳಿ ಓಡುತ್ತದೆ, ವಿಷ ನೀರಲ್ಲಿ ತೆಳುವಾಗುತ್ತದೆ. ಡ್ರಮ್ಮಿನಲ್ಲಿ ಓಡುವುದೆಲ್ಲಿಗೆ? ಈಜಿ ತಪ್ಪಿಸಿಕೊಳ್ಳಲಾಗದ ಈ ಮಂದಗಾಮಿ ಹಾಡಹಗಲೇ ಬಂಡೆಗಳ ನಡುವೆ ಪಾಚಿ, ಸ್ಪಂಜು ಮೇಯುತ್ತ ಬದುಕುವುದು ಈ ಚರ್ಮದ ಬಲದಿಂದ.

ವಾಪಸಾಗುವಾಗ ಬಿಸಾಡಿದ ಶೇಡೆ ಮುಳ್ಳು ಗೆಳೆಯನ ಚಪ್ಪಲಿ ತೂರಿ ಕಾಲಿಗೆ ನೆಟ್ಟಿತು. ಔಷಧಿ ಅಂಗಡಿಯವನು ಐಸ್ ಇಡಿ ಎಂದ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಮೀನಿನ ಮುಳ್ಳಿನ ವಿಷ ಪ್ರೋಟೀನು, ಬಿಸಿಗೆ ಕೆಡುವಂಥದ್ದು. ಗಂಗೊಳ್ಳಿಯಣ್ಣ ಚಹಾ ಅಂಗಡಿಯಿಂದ ಬಿಸಿನೀರು ತಂದು, ಮೊದಲು ತಮ್ಮ ಕೈ ಅದ್ದಿ ನೋಡಿ, ಆಮೇಲೆ ಅವನ ಕಾಲು ಮುಳುಗಿಸಿದರು. ಸ್ವಲ್ಪ ಹೊತ್ತಿಗೆ ಅವನ ಮುಖ ಸಡಿಲವಾಯಿತು. ಧಕ್ಕೆಗೆ ಹೋಗುವವರು ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳಿ. ಚುಚ್ಚಿದರೆ ಕೈ ತಡೆಯುವಷ್ಟು, ಅಂದರೆ ಸುಮಾರು 45 ಡಿಗ್ರಿ ಬಿಸಿಯ ನೀರಿನಲ್ಲಿಟ್ಟು, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಮುಳ್ಳಿನ ಚೂರು ಒಳಗೇ ಉಳಿದಿರಬಹುದು.