ಬೆಳಕು ಹೋದ ಮೇಲೆ ತಿರುಗಿಸುವುದು ಯಾರು?

ಪಕ್ಕದ ಮನೆಯ ಹುಡುಗಿ ಮೊನ್ನೆ ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ನೆದರ್ಲೆಂಡ್ಸ್‌ನಲ್ಲಿರುವ ನಮ್ಮ ಈ ನೈಮೇಗನ್ ಊರಿನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರ ಬಗ್ಗೆ ಅವಳಿಗೆ ಹೇಳುತ್ತಿದ್ದೆ. ಗ್ಯಾಡೊಲಿನಿಯಂ ಎಂಬ ಲೋಹ, ಕಬ್ಬಿಣ, ಕೋಬಾಲ್ಟ್ ಬೆರೆತ ತೆಳುಪದರದ ಮೇಲೆ 40 ಫೆಮ್ಟೊಸೆಕೆಂಡುಗಳ ಲೇಸರ್ ಮಿಡಿತ ಬಿದ್ದರೆ ಸಾಕು, ಹೊರಗಿನ ಯಾವ ಕಾಂತದ ನೆರವೂ ಇಲ್ಲದೆ ಅದರ ಕಾಂತತ್ವದ ದಿಕ್ಕು ತಿರುಗುಮುರುಗಾಗುತ್ತದೆ. ಸೆಕೆಂಡನ್ನು ಕೋಟಿ ಪಾಲು ಮಾಡಿ, ಅದರ ಒಂದು ಪಾಲನ್ನು ಮತ್ತೆ ಹತ್ತು ಕೋಟಿ ಪಾಲು ಮಾಡಿದರೆ ಸಿಗುವುದು ಒಂದು ಫೆಮ್ಟೊಸೆಕೆಂಡ್.

"ಅಷ್ಟರಲ್ಲಿ ಬೆಳಕು ಹೋಗಿಬಿಟ್ಟಿರುತ್ತದಲ್ಲ, ಆಮೇಲೆ ಅದನ್ನು ತಿರುಗಿಸುವುದು ಯಾರು?" ಎಂದಳು. ಒಂಬತ್ತು ವರ್ಷದ ಹುಡುಗಿ!

ಅದರ ಉತ್ತರದ ಮುಖ್ಯ ಎಳೆ 2011ರಲ್ಲಿ ಬರ್ಲಿನ್ನಿನ ಎಕ್ಸ್‌ರೇ ಅಳತೆಗಳಿಂದ ಸಿಕ್ಕಿತು. ಆ ಪದರದಲ್ಲಿ ಕಬ್ಬಿಣವೂ ಗ್ಯಾಡೊಲಿನಿಯಂ ಕೂಡ ಸದಾ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡಿರುತ್ತವೆ. ಮಿಡಿತದ ಬಿಸಿಗೆ ಕಬ್ಬಿಣ ಸುಮಾರು 300 ಫೆಮ್ಟೊಸೆಕೆಂಡುಗಳಲ್ಲೇ ತನ್ನ ಕಾಂತತ್ವ ಕಳೆದುಕೊಳ್ಳುತ್ತದೆ. ಗ್ಯಾಡೊಲಿನಿಯಂಗೆ ಅದರ ಐದು ಪಟ್ಟು ಸಮಯ ಬೇಕು. ಆ ಅಂತರದಲ್ಲಿ ಕಬ್ಬಿಣ ದಿಕ್ಕು ಬದಲಿಸಿಬಿಡುತ್ತದೆ. ಹುಟ್ಟಾ ಎದುರಾಳಿಗಳಾದ ಎರಡೂ ಕ್ಷಣಮಾತ್ರ ಒಂದೇ ಕಡೆಗೆ ನೋಡುತ್ತವೆ. ಆಮೇಲೆ ಗ್ಯಾಡೊಲಿನಿಯಂ ಕೂಡ ತಿರುಗುತ್ತದೆ. ಬೆಳಕು ಕಲಕಿ ಹೋಗುತ್ತದೆ, ಉಳಿದದ್ದನ್ನು ಲೋಹಗಳೇ ತಮ್ಮೊಳಗೆ ಇತ್ಯರ್ಥ ಮಾಡಿಕೊಳ್ಳುತ್ತವೆ. ಇದರಷ್ಟು ಚೆಲುವಾದ ಭೌತಶಾಸ್ತ್ರ ನನಗೆ ಬೇರೆ ಗೊತ್ತಿಲ್ಲ. ಮುಂದೊಂದು ದಿನ ಮಾಹಿತಿ ಬರೆದಿಡಲು ಇದೇ ದಾರಿಯಾಗಬಹುದು ಎಂಬ ಆಸೆಯಿಂದ ಇಲ್ಲಿ ಇನ್ನೂ ಕೆಲಸ ನಡೆಯುತ್ತಿದೆ.

ಅವಳ ಅಮ್ಮ ಬಸ್ ಚಾಲಕಿ. ಮಗಳ ಪ್ರಶ್ನೆ ಮುಗಿಯುವವರೆಗೆ ಅಡುಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದರು.

ಅರಸೀಕೆರೆಯಲ್ಲಿ ಪಿಯುಸಿ ಓದುವಾಗ, ಕಾಯಿಸಿದರೆ ಕಾಂತದ ಶಕ್ತಿ ಏಕೆ ಹೋಗುತ್ತದೆ ಎಂದು ನಾನೂ ಕೇಳಿದ್ದೆ. "ಪರೀಕ್ಷೆಗೆ ಬರುವುದಿಲ್ಲ, ಬಿಡಮ್ಮ" ಎಂದರು ಮೇಷ್ಟ್ರು. ಒಳ್ಳೆಯ ಮನುಷ್ಯ, ತರಗತಿ ತುಂಬ ಮಕ್ಕಳು, ಮುಗಿಸಬೇಕಾದ ಪಾಠಗಳ ರಾಶಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ 'ಬಿಡಮ್ಮ' ಎಷ್ಟು ಮಕ್ಕಳ ಬಾಯಿ ಕಟ್ಟಿಸಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಫೆಮ್ಟೊಸೆಕೆಂಡ್ ಲೇಸರ್‌ಗಳಿವೆ, 'ಓಪನ್ ಡೇ' ದಿನ ಯಾರು ಬೇಕಾದರೂ ಒಳಗೆ ಹೋಗಿ ಪ್ರಯೋಗಾಲಯಗಳನ್ನು ನೋಡಬಹುದು. ಮಗನನ್ನು ಕರೆದುಕೊಂಡು ಹೋಗು ಎಂದರೆ ಅಣ್ಣ, "ಅವತ್ತು ಅವನಿಗೆ ಟ್ಯೂಷನ್ ಇರುತ್ತದೆ" ಎಂದ. ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ ಎಂದು ನಿನ್ನೆ ಅತ್ತಿಗೆಗೆ ಫೋನ್ ಮಾಡಿ ಹೇಳಿದ್ದೇನೆ.