ಬೆವರು, ಅಂಟು, ಪಂಪು
ಸಕ್ಕರೆ ಕಾಯಿಲೆ ಇರುವ ಮಗಳಿಗೆ ಇನ್ಸುಲಿನ್ ಪಂಪ್ ಹಾಕಿಸಿ ಎರಡು ತಿಂಗಳಾಯ್ತು. ತೋಳಿನ ಸೆನ್ಸರ್ 5 ನಿಮಿಷಕ್ಕೊಮ್ಮೆ ಶುಗರ್ ಎಷ್ಟಿದೆ ಅಂತ ತಿಳಿಸುತ್ತದೆ, ಪಂಪ್ ಅದನ್ನು ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುತ್ತದೆ. ಹಾಗಂತ ಎಲ್ಲ ಅದೇ ನೋಡಿಕೊಳ್ಳುವುದಿಲ್ಲ. ನೀರ್ ದೋಸೆ ಎಷ್ಟು ತಿಂತೀಯಾ ಮಗಾ ಅಂತ ಮೊದಲೇ ಕೇಳಿ, ಲೆಕ್ಕ ಹಾಕಿ, ತಿನ್ನುವ ಸುಮಾರು 15 ನಿಮಿಷ ಮುಂಚೆ ಡೋಸ್ ಕೊಡಬೇಕು, ಯಾಕಂದ್ರೆ ಇನ್ಸುಲಿನ್ ಕೆಲಸ ಶುರು ಮಾಡಲಿಕ್ಕೇ ಅಷ್ಟು ಹೊತ್ತು ಬೇಕು.

ಮೊನ್ನೆ ಉಡುಪಿಯ ಈ ಸೆಕೆಗೆ ಬೆವರಿ, ಪಂಪಿನ ಕೊಳವೆಯನ್ನು ಮೈಗೆ ಹಿಡಿದಿಡುವ ಅಂಟು ಬಿಟ್ಟಿತ್ತು. ಪಂಪ್ ಏನೂ ಹೇಳಲಿಲ್ಲ, ಶುಗರ್ ಮಾತ್ರ 300 ದಾಟಿತು. ಅಂಗಿ ಎತ್ತಿ ನೋಡಿದರೆ ಹೊಟ್ಟೆಗೆ ಹಾಕಿದ್ದ ಸಣ್ಣ ಕೊಳವೆ ಹೊರಗೆ ಬಂದಿದೆ, ಬಟ್ಟೆ ಒದ್ದೆ, ಇನ್ಸುಲಿನ್‌ನ ಔಷಧಿ ವಾಸನೆ. ಕೈ ನಡುಗಿತು. ಪಂಪಿನಲ್ಲಿರುವುದು ಬೇಗ ಇಳಿದುಹೋಗುವ ಇನ್ಸುಲಿನ್ ಮಾತ್ರ, ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್, ಅಂದ್ರೆ ಇನ್ಸುಲಿನ್ ಸಾಲದಾದಾಗ ರಕ್ತದಲ್ಲಿ ಸೇರುವ ಆಮ್ಲ, ಏರುತ್ತದೆ ಅಂತ ಡಾಕ್ಟ್ರು ಹೇಳಿದ್ದರು. ಕೀಟೋನ್ ನೋಡಿ, ಇನ್ಸುಲಿನ್ ಪೆನ್ನಿನಲ್ಲಿ ಚುಚ್ಚಿ, ಆಮೇಲೆ ಹೊಸ ಕೊಳವೆಯ ಸೆಟ್ ಹಾಕಿದೆವು. ಈಗ ಶಾಲೆ ಬ್ಯಾಗಿನಲ್ಲಿ ಆ ಪೆನ್ನು, ಶುಗರ್ ಇಳಿದರೆ ಕೊಡಲು ಗ್ಲುಕೋಸ್, ಎರಡೂ ಇರಲೇಬೇಕು.

ಮೊದಲೆಲ್ಲ ರಾತ್ರಿ 2 ಗಂಟೆಗೆ ಎದ್ದು ಅವಳ ಬೆರಳು ಚುಚ್ಚುತ್ತಿದ್ದೆ. ಈಗಲೂ ಅದೇ ಹೊತ್ತಿಗೆ ಎಚ್ಚರ ಆಗುತ್ತದೆ, ಅಭ್ಯಾಸ ಬಿಡಬೇಕಲ್ವಾ. ಸ್ಕ್ರೀನಿನಲ್ಲಿ 118 ಅಂತ ಕಂಡರೆ ಅವಳ ಹೊದಿಕೆ ಸರಿಮಾಡಿ ಮಲಗುತ್ತೇನೆ.